ಮುನ್ನೂರ ಎಂಬತ್ತಾರು ಗಜ

ಅಣ್ಣ ಹ್ಯಾಲ್ವರ್ ಆ ಮಾತು ಹೇಳಿದ್ದು ಆಗಸ್ಟ್ ತಿಂಗಳ ಒಂದು ಸಂಜೆ. ಊಟದ ಪ್ರಾರ್ಥನೆ ಮುಗಿಸಿ, ಆಲೂಗಡ್ಡೆಯ ಬಟ್ಟಲನ್ನು ತಮ್ಮನ ಕಡೆಗೆ ಸರಿಸುತ್ತ ಹೇಳಿದ.

"ಕಣಿವೆ ಬಿಟ್ಟುಕೊಡ್ತಿದೀನಿ ಕಣೋ ಆರ್ವಿಡ್. ಕಾಡು ಕಾಯೋ ಟ್ರಸ್ಟಿಗೆ. ಈ ಬೇಟೆ ಸೀಸನ್ ಕಳೆದ ಮೇಲೆ ಅಲ್ಲಿ ಬಂದೂಕಿನ ಸದ್ದು ಇರಲ್ಲ. ಎಲ್ಕ್‌ಗಳೂ ಸ್ವಲ್ಪ ಉಸಿರಾಡಲಿ."

"ಮತ್ತೆ ನಾನು?"

"ನೀನೂ ಉಸಿರಾಡು. ಅರವತ್ತು ದಾಟ್ತು."

ಆರ್ವಿಡ್ ಬಟ್ಟಲು ತೆಗೆದುಕೊಂಡ, ಬಡಿಸಿಕೊಂಡ, ತಿಂದ. ಮೂವತ್ತೊಂದು ವರ್ಷ ಅವನು ಆ ಕಣಿವೆಯಲ್ಲಿ ಊರೂರಿನ ಬೇಟೆಗಾರರಿಗೆ ದಾರಿ ತೋರಿಸಿದ್ದ. ದೊಡ್ಡ ಕೊಂಬಿನ ಆ ಎಲ್ಕ್ ಜಿಂಕೆಗಳ ಯಾವ ಹಿಂಡು ಯಾವ ನೀರಿಗೆ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದು ಅವನಿಗೆ ಗೊತ್ತಿದ್ದಷ್ಟು ಮೊಂಟಾನಾ ರಾಜ್ಯದಲ್ಲಿ ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಆದರೆ ಅಪ್ಪ ಸಾಯುವಾಗ ಕಣಿವೆಯನ್ನು ಬರೆದದ್ದು ದೊಡ್ಡ ಮಗನ ಹೆಸರಿಗೆ. ದೊಡ್ಡ ಮಗನಿಗೆ ಹೆಂಡತಿ ಮಕ್ಕಳಿಲ್ಲ. ಅವನ ನಂತರ ಎಲ್ಲವೂ ತಮ್ಮನಿಗೇ. ಆ ನಂತರ ಅನ್ನುವುದು ಅಕ್ಟೋಬರ್ ಕೊನೆಯ ಸೋಮವಾರಕ್ಕಿಂತ ಮೊದಲು ಬರಬೇಕು, ಅಷ್ಟೆ. ಆ ಸೋಮವಾರ ಹ್ಯಾಲ್ವರ್ ಪತ್ರಕ್ಕೆ ಸಹಿ ಹಾಕುವವನಿದ್ದ.

ದಾರಿ ಹುಡುಕುವುದು ಕಷ್ಟವಾಗಲಿಲ್ಲ. ಮೂರು ವರ್ಷದ ಹಿಂದೆ ಇದೇ ಜಿಲ್ಲೆಯಲ್ಲಿ ಒಬ್ಬ ತನ್ನ ಸೋದರಳಿಯನನ್ನೇ ಜಿಂಕೆ ಎಂದು ತಿಳಿದು ಗುಂಡಿಟ್ಟು ಕೊಂದಿದ್ದ. ಲೈಸೆನ್ಸ್ ಹೋಯಿತು, ದಂಡ ಬಿತ್ತು. ಚರ್ಚಿನಲ್ಲಿ ಜನ ಅವನನ್ನು ತಬ್ಬಿಕೊಂಡು ಅತ್ತರು. ಕಾಣದೆ ಮಾಡಿದ್ದನ್ನು ಈ ಜನ ಕ್ಷಮಿಸುತ್ತಾರೆ. ಕಂಡು ಮಾಡಿದ್ದನ್ನು ಕ್ಷಮಿಸುವುದಿಲ್ಲ. ಹಾಗಾಗಿ ಆರ್ವಿಡ್ ಮಾಡಬೇಕಾದ್ದು ಒಂದೇ: ತನಗೆ ಕಣ್ಣು ಕಾಣುವುದಿಲ್ಲ ಎಂದು ಊರಿಗೆ ಗೊತ್ತು ಮಾಡಿಸಬೇಕು. ಆಮೇಲೆ ಚೆನ್ನಾಗಿ ನೋಡಬೇಕು.

ಸೆಪ್ಟೆಂಬರ್ ಪೂರ್ತಿ ಅವನು ಮೊದಲನೆಯದನ್ನು ಮಾಡಿದ. ಡೋರೀನಳ ಹೋಟೆಲಿನಲ್ಲಿ ಬೆಳಗಿನ ಕಾಫಿಗೆ ಸೇರುವವರ ಮುಂದೆ ಅಜ್ಜನ ದುರ್ಬೀನನ್ನು ಮೇಜಿನ ಮೇಲಿಟ್ಟು ಗೊಣಗಿದ. ಅಜ್ಜ ಯುದ್ಧದಿಂದ ತಂದದ್ದು ಅದು. ಗಾಜಿನೊಳಗೆ ಮಂಜು ಕಟ್ಟಿ ಎಷ್ಟೋ ಕಾಲವಾಗಿತ್ತು.

"ಇದ್ರಲ್ಲಿ ನೋಡಿದ್ರೆ ದನ ಯಾವ್ದು, ದನ ಕಾಯೋನು ಯಾವನು ಗೊತ್ತಾಗಲ್ಲ ಡೋರೀನ್."

"ನಿನ್ನ ಗಿರಾಕಿಗಳಿಗೆ ಮೊದ್ಲೇ ಹೇಳಿಬಿಡಪ್ಪಾ. ಹಣೆ ಮೇಲೆ 'ನಾನು ಮನುಷ್ಯ' ಅಂತ ಬರ್ಕೊಂಡು ಬರ್ಲಿ."

"ಜಿಪುಣ! ಹೊಸದು ತಗೊಳ್ಳೋ!" ಎಂದು ಇನ್ನೊಬ್ಬ ಕೂಗಿದ.

"ಅಜ್ಜನ್ದು ಬಿಡೋಕಾಗತ್ತಾ? ಸಾಯೋವರ್ಗೂ ಇದೇ."

ಮೇಜಿನ ಸುತ್ತ ಎಲ್ಲರೂ ನಕ್ಕರು. ಹ್ಯಾಲ್ವರ್ ಮಾತ್ರ ನಗಲಿಲ್ಲ. ಕಾಫಿ ಕಲಕುವುದನ್ನು ನಿಲ್ಲಿಸಿ ತಮ್ಮನ ಕಣ್ಣುಗಳನ್ನು ಬಹಳ ಹೊತ್ತು ನೋಡಿದ. ಆರ್ವಿಡ್‌ಗೆ ಸಮಾಧಾನವಾಯಿತು. ಅಣ್ಣನೇ ನಂಬಿದ ಮೇಲೆ ಊರು ನಂಬದೆ ಇರುತ್ತದೆಯೆ?

ಎರಡನೆಯ ಕೆಲಸಕ್ಕೆ ಅವನು ಅಕ್ಟೋಬರ್ ಮೊದಲ ವಾರ ಮೂರು ಗಂಟೆ ಗಾಡಿ ಓಡಿಸಿಕೊಂಡು ಬಿಲ್ಲಿಂಗ್ಸ್ ಪಟ್ಟಣಕ್ಕೆ ಹೋದ. ಕಥೆಗೆ ತಕ್ಕ ಹಾಗೆ ಬಂದೂಕೂ ಹಳೆಯದೇ ಇರಬೇಕಿತ್ತು. ಅದರ ಮೇಲಿನ ಪುಟ್ಟ ದುರ್ಬೀನು ಗುರಿ ಹಿಡಿಯಲು ಸಾಕು, ದೂರ ಹೇಳುವುದಿಲ್ಲ. ಬೇಟೆಯ ದಿನ ಹ್ಯಾಲ್ವರ್ ಕೂರುವ ಇಳಿಜಾರಿನಲ್ಲಿ ಮೂರು ಮರಗಳು ಬಿದ್ದಿವೆ. ಅವನ ಮೊಣಕಾಲು ಎಲ್ಲಿ ಹಠ ಹಿಡಿಯುತ್ತದೋ ಆ ಮರದ ಮೇಲೆ ಕೂತು ಫ್ಲಾಸ್ಕ್ ತೆರೆಯುತ್ತಾನೆ. ಹತ್ತಿರದ ಮರಕ್ಕೂ ದೂರದ ಮರಕ್ಕೂ ಎಂಬತ್ತು ಗಜ ವ್ಯತ್ಯಾಸ, ಅಷ್ಟರಲ್ಲಿ ಗುಂಡು ಎರಡು ಗೇಣು ಕೆಳಗಿಳಿಯುತ್ತದೆ. ತಪ್ಪಿ ಹೊಡೆದವನಿಗೆ ಕ್ಷಮೆಯುಂಟು. ಎರಡು ಸಲ ಹೊಡೆದವನಿಗೆ ಇಲ್ಲ.

ಅಂಗಡಿಯ ಹೆಂಗಸು ಗಾಜಿನ ಮೇಜಿನ ಮೇಲೆ ಮೂರು ದುರ್ಬೀನು ಇಟ್ಟಳು. ಮೂರೂ ದೂರ ಅಳೆಯುವಂಥವು.

"ಹೊರಗೆ ಹೋಗಿ ನೋಡಿ ಯಜಮಾನ್ರೇ. ಅಂಗಡಿ ದೀಪದಲ್ಲಿ ಎಲ್ಲವೂ ಚೆನ್ನಾಗೇ ಕಾಣತ್ತೆ."

ಬುದ್ಧಿವಂತೆ. ಅವನು ಹೊತ್ತು ಮುಳುಗುವ ತನಕ ಕಾದು, ಬಾಗಿಲ ಹೊರಗೆ ನಿಂತು ಒಂದೊಂದನ್ನೇ ಕಣ್ಣಿಗಿಟ್ಟ. ಮೊದಲನೆಯದು ಬಿಳಿ ಫಲಕದ ದೂರವನ್ನು ಥಟ್ಟನೆ ಹೇಳಿತು, ಕಪ್ಪು ಪೈನ್ ಮರ ತೋರಿಸಿದರೆ ಅಂಕಿಯ ಬದಲು ಬರೀ ಗೆರೆ ಎಳೆಯಿತು. ಹೊಳೆಯುವುದನ್ನು ಯಾರು ಬೇಕಾದರೂ ಅಳೆಯುತ್ತಾರೆ, ಅವನಿಗೆ ಬೇಕಿದ್ದದ್ದು ಅಣ್ಣನ ಕಂದು ಕೋಟು. ಎರಡನೆಯದು ಎಲ್ಲವನ್ನೂ ಹೇಳಿತು.

"ಇದು ಫೋನಿಗೂ ಸೇರ್ಕೊಳ್ಳತ್ತೆ," ಎಂದಳು ಅವಳು. "ಯಾವತ್ತು, ಎಲ್ಲಿಂದ, ಎಷ್ಟು ದೂರ ನೋಡಿದ್ರಿ, ಎಲ್ಲಾ ನೆನಪಿಟ್ಕೊಳ್ಳತ್ತೆ."

"ಬೇಡಮ್ಮ," ಎಂದ ಆರ್ವಿಡ್ ಮೆಲ್ಲಗೆ. "ನೋಡಿದ್ದು ನನಗೆ ನೆನಪಿದ್ರೆ ಸಾಕು."

ಮೂರನೆಯದಕ್ಕೆ ನೆನಪಿರಲಿಲ್ಲ. ಗುಂಡಿ ಒತ್ತಿದರೆ ಮಬ್ಬಿನಲ್ಲಿ ಕೆಂಪು ಅಂಕಿ ಬೆಳಗುತ್ತಿತ್ತು, ಇಳಿಜಾರಿನ ಲೆಕ್ಕವನ್ನೂ ತಾನೇ ಸರಿಮಾಡಿ ಹೇಳುತ್ತಿತ್ತು. ಬೀದಿಯಾಚೆ ಮರದಡಿ ನಿಂತಿದ್ದವನ ಕೋಟಿನ ಗುಂಡಿಗಳನ್ನು ಅವನು ಎಣಿಸಿದ.

"ನಿಮಗೇನಾ, ಯಾರಿಗಾದ್ರೂ ಕೊಡೋಕಾ? ಇದನ್ನ ಜಾಸ್ತಿ ಜನ ಉಡುಗೊರೆಗೇ ತಗೋತಾರೆ."

"ಅಣ್ಣನಿಗೋಸ್ಕರ," ಎಂದ. ಸುಳ್ಳೂ ಅಲ್ಲವಲ್ಲ ಎಂದು ಒಳಗೇ ನಕ್ಕ. ನಗದು ಕೊಟ್ಟು, ಹೆಸರು ಕೊಡದೆ ಹೊರಟ.

ಭಾನುವಾರ ಹ್ಯಾಲ್ವರ್ ಬಂದೂಕು ಮುಟ್ಟುವವನಲ್ಲ. ಆದ್ದರಿಂದ ಸಹಿಗೆ ಮುಂಚಿನ ಶನಿವಾರ. ಕಣಿವೆಯಲ್ಲಿ ಅಣ್ಣತಮ್ಮಂದಿರ ಕೊನೆಯ ಬೇಟೆ ಎಂದು ಹ್ಯಾಲ್ವರನೇ ಕರೆದಿದ್ದ. ಬೆಳಗಿನ ಜಾವ ಆರ್ವಿಡ್ ಅಂಗಳ ದಾಟಿ ಅಣ್ಣನ ಅಡುಗೆಮನೆಗೆ ಬಂದಾಗ ಮೊಟ್ಟೆ, ಬೇಕನ್ ತಟ್ಟೆಯಲ್ಲಿತ್ತು. ಹ್ಯಾಲ್ವರ್ ಕಣ್ಣು ಮುಚ್ಚಿ, ಎಂದಿಗಿಂತ ಉದ್ದದ ಪ್ರಾರ್ಥನೆ ಹೇಳಿದ. ಅದರಲ್ಲಿ ತಮ್ಮನ ಹೆಸರೂ ಬಂತು.

"ನಾನು ಮೇಲಿನ ಬುಗ್ಗೆ ತನಕ ಹೋಗ್ತೀನಿ," ಎಂದ ಹ್ಯಾಲ್ವರ್. ಪ್ರತಿ ವರ್ಷ ಹಾಗೇ ಹೇಳುತ್ತಿದ್ದ. ನಾಲ್ಕು ವರ್ಷದಿಂದ ಅವನ ಮೊಣಕಾಲು ಅವನನ್ನು ಬುಗ್ಗೆ ಮುಟ್ಟಲು ಬಿಟ್ಟಿರಲಿಲ್ಲ.

"ಆ ಕಾಲಲ್ಲಾ?"

"ಕಾಲಿಗೆ ನಾನು ಯಜಮಾನನೋ, ನನಗೆ ಕಾಲೋ?" ಹ್ಯಾಲ್ವರ್ ನಕ್ಕ. ಆರ್ವಿಡ್ ರಾತ್ರಿ ಊಟಕ್ಕೆ ಬಂದಾಗ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದ ಅಜ್ಜನ ದುರ್ಬೀನಿನ ಚರ್ಮದ ಪೆಟ್ಟಿಗೆಯನ್ನು ತೆಗೆದು, ಮಗುವಿಗೆ ಹಾರ ಹಾಕುವ ಹಾಗೆ ತಮ್ಮನ ಕೊರಳಿಗೆ ತಾನೇ ಹಾಕಿದ. "ಮರೀಬೇಡ. ಎಂಟೂವರೆಗೆ ತೆಗೆದು ನನ್ನ ಕಡೆ ನೋಡು. ಕೈ ಬೀಸ್ತೀನಿ."

"ಇದ್ರಲ್ಲಿ ಏನು ಕಂಡೀತು?"

"ನೋಡಯ್ಯಾ, ನೋಡು. ನೋಡದೇನೇ ಹೇಳ್ಬೇಡ."

ಗುಡ್ಡ ಹತ್ತುವಾಗ ಎದೆಯ ಮೇಲೆ ಪೆಟ್ಟಿಗೆ ಎಂದಿಗಿಂತ ಭಾರ ಎನ್ನಿಸಿತು. ಇವತ್ತು ಎಲ್ಲವೂ ಭಾರವೇ ಎಂದುಕೊಂಡ.

ಎಂಟಕ್ಕೆ ಹತ್ತು ನಿಮಿಷವಿದ್ದಾಗ ಅವನು ಬಂಡೆಯ ಸಂದಿಯಲ್ಲಿ ಕೂತು, ಬೆನ್ನಚೀಲದಿಂದ ಹೊಸ ದುರ್ಬೀನು ತೆಗೆದ. ಎದುರು ಇಳಿಜಾರಿನಲ್ಲಿ ಕಿತ್ತಳೆ ಚುಕ್ಕೆಯೊಂದು ನಿಂತು ನಿಂತು ಏರುತ್ತಿತ್ತು. ಮೊದಲ ಮರ ದಾಟಿತು. ಎರಡನೆಯದೂ. ಮೂರನೆಯದರ ಬಳಿ ಹ್ಯಾಲ್ವರ್ ಮೊಣಕಾಲು ಹಿಡಿದು ಕೂತ. ಫ್ಲಾಸ್ಕ್ ತೆರೆದ, ಆವಿ ಎದ್ದಿತು. ಆರ್ವಿಡ್ ಕಾದ. ಬೇಟೆಗಾರರು ದೂರಕ್ಕೂ ಕಾಣಲಿ ಎನ್ನುವ ಕಾನೂನಿಗೆಂದು ತೊಟ್ಟ ಆ ಕಿತ್ತಳೆ ಜಾಕೆಟ್ಟಿನ ಮೇಲೆ, ಬೆವರು ಆರುತ್ತಿದ್ದಂತೆ, ಹ್ಯಾಲ್ವರ್ ಹಳೆಯ ಕಂದು ಕೋಟನ್ನು ಎಳೆದುಕೊಳ್ಳುತ್ತಾನೆ. ಪ್ರತಿ ವರ್ಷ. ಇವತ್ತೂ ಎಳೆದುಕೊಂಡ. ಕಿತ್ತಳೆ ಆರಿಹೋಯಿತು.

ಗುಂಡಿ ಒತ್ತಿದ. ಕೆಂಪು ಅಂಕಿ: ಮುನ್ನೂರ ಎಂಬತ್ತಾರು.

ಇನ್ನೊಮ್ಮೆ ಒತ್ತಿದ. ಅದೇ.

ದುರ್ಬೀನು ಇಳಿಸುವ ಮೊದಲು ಹ್ಯಾಲ್ವರ್ ಗಡಿಯಾರ ನೋಡಿಕೊಂಡದ್ದು ಕಾಣಿಸಿತು. ಆಮೇಲೆ ಅವನು ನೇರ ಈ ಬಂಡೆಯ ಕಡೆಗೇ ತಿರುಗಿ, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದ. ಅವನ ಮುಖದ ನಗೆ ಇಲ್ಲಿಗೆ ಕಾಣುತ್ತಿತ್ತು, ಬಿಳಿ ಗಡ್ಡದ ಮೇಲೆ ಕಾಫಿಯ ಹನಿ ಕೂಡ. ಆರ್ವಿಡ್ ಬಂದೂಕಿನತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಮರುಕ್ಷಣ ಅವನಿಗೆ ಹೊಳೆಯಿತು: ಕಂದು ಮೈ, ಮೇಲೆ ಕವಲೊಡೆದ ಎರಡು ಕೈ. ಗಂಡು ಎಲ್ಕಿನ ಕೊಂಬು. ಅಣ್ಣ ಅದನ್ನೂ ಕೊಟ್ಟುಬಿಟ್ಟ.

ಒಂದೇ ಗುಂಡು ಸಾಕಾಯಿತು.

ಇಳಿಯುವ ದಾರಿಯಲ್ಲಿ ಬೀವರ್ ಪ್ರಾಣಿಗಳು ಮರ ಕಡಿದು ಒಡ್ಡು ಕಟ್ಟಿದ ಕೆರೆ. ಹೊಸ ದುರ್ಬೀನು ಅದರ ಮಧ್ಯಕ್ಕೆ ಹೋಗಿ ಬಿತ್ತು. ನೀರು ಮುಚ್ಚಿಕೊಳ್ಳುವ ತನಕ ನಿಂತ. ಆಮೇಲೆ ಅಣ್ಣನ ಬಳಿಗೆ ಓಡಿದ. ನಿಜವಾಗಿಯೂ ಓಡಿದ, ನಿಜವಾಗಿಯೂ ಅತ್ತ. ಅದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಎರಡು ಗಂಟೆ ಕಳೆದ ಮೇಲೆ ಪೊಲೀಸ್ ಡೆಪ್ಯುಟಿ ಪ್ರುಯಿಟ್ ಬಂದಳು. ಚಿಕ್ಕಂದಿನಲ್ಲಿ ಚರ್ಚಿನ ಭಾನುವಾರದ ಪಾಠವನ್ನು ಹ್ಯಾಲ್ವರ್‌ನಿಂದಲೇ ಕಲಿತವಳು. ಟೋಪಿ ತೆಗೆದಳು. ಆಮೇಲೆ ನೋಟ್‌ಬುಕ್ ತೆರೆದಳು.

"ಏನು ಕಂಡ್ರಿ ಆರ್ವಿಡ್?"

"ಮೇಲಿನ ಬುಗ್ಗೆಗೆ ಹೋಗ್ತೀನಿ ಅಂದಿದ್ದ. ಇಲ್ಲಿ ಇದಾನೆ ಅಂತ ನನಗೇನು ಗೊತ್ತು ತಾಯಿ? ಕಂದು ಮೈ ಕಾಣ್ತು, ಕೊಂಬು ಕಾಣ್ತು. ಹೊಡೆಯೋ ಮುಂಚೆ ಇದ್ರಲ್ಲಿ ನೋಡ್ದೆ, ಆಣೆ ಮಾಡಿ ಹೇಳ್ತೀನಿ. ಮೂರು ಸಲ ನೋಡ್ದೆ. ಬರೀ ಮಂಜು."

"ಹಾಳಾದ ದುರ್ಬೀನು. ಡೋರೀನ್ ಹೇಳ್ತಾನೇ ಇದ್ಲು," ಎಂದು ಅವಳು ಬರೆದುಕೊಂಡಳು. ದನಿಯಲ್ಲಿ ಕನಿಕರವಿತ್ತು. ಆ ಕನಿಕರವನ್ನು ಇನ್ನಷ್ಟು ಗಟ್ಟಿಮಾಡೋಣ ಎನ್ನಿಸಿತು ಅವನಿಗೆ. ಕೊರಳಿಂದ ಪೆಟ್ಟಿಗೆ ತೆಗೆದು ತಾನಾಗಿಯೇ ಅವಳ ಕೈಗೆ ಕೊಟ್ಟ.

"ನೀವೇ ಕಣ್ಣಿಟ್ಟು ನೋಡಿ. ಮನುಷ್ಯನ ಮುಖ ಕಾಣ್ಸತ್ತಾ ಹೇಳಿ."

ಪ್ರುಯಿಟ್ ಬಕಲ್ ಬಿಚ್ಚಿ ಮುಚ್ಚಳ ಎತ್ತಿದಳು. ಒಳಗಿನಿಂದ ಬಂದದ್ದು ಕಪ್ಪಗೆ ಮಿನುಗುವ ಹೊಸ ದುರ್ಬೀನು, ದೂರ ಅಳೆಯುವಂಥದ್ದು. ಕೆರೆಯ ತಳದಲ್ಲಿ ಮಲಗಿದ್ದರ ಅವಳಿ. ಕಣ್ಣಿಡುವ ಗಾಜುಗಳ ಮೇಲೆ ಅಂಗಡಿಯವರು ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು. ಪಟ್ಟಿಗೆ ಸಿಕ್ಕಿಸಿದ್ದ ಚೀಟಿಯನ್ನು ಅವಳು ಗಟ್ಟಿಯಾಗಿ ಓದಿದಳು, ಹ್ಯಾಲ್ವರ್‌ನ ದುಂಡು ಅಕ್ಷರ: "ತಮ್ಮಾ, ನಿನ್ನ ಕಣ್ಣಿನ ಚಿಂತೆ ನನ್ನ ನಿದ್ದೆ ಕೆಡಿಸಿತ್ತು. ಅಜ್ಜನದು ಅಡುಗೆಮನೆ ಕಪಾಟಿನಲ್ಲಿದೆ, ಬೈಯಬೇಡ. ನಾನು ಕೈ ಎತ್ತಿದಾಗ ಇದರಲ್ಲಿ ನೋಡಿ, ಎಷ್ಟು ಗಜ ಅಂತ ಸಂಜೆ ಹೇಳು." ಅವಳು ಚೀಟಿಯನ್ನು ಮಡಿಸಲಿಲ್ಲ. ಇನ್ನೂ ಕಿತ್ತಿರದ ಪ್ಲಾಸ್ಟಿಕ್ ಹಾಳೆಯ ಮೇಲೆ ಹೆಬ್ಬೆರಳಾಡಿಸುತ್ತ, ಬಹಳ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಹ್ಯಾಲ್ವರ್‌ನ ನೀವು ಯಾವುದ್ರಲ್ಲಿ ನೋಡಿದ್ರಿ, ಆರ್ವಿಡ್?"