ಹರದೇಶಿ ಕಾಂತೇಶ, ನಾಗೇಶಿ ಮಾಲಾ

“ಆ ಗೋಲು ಕೀಪರನ ತಪ್ಪಲ್ರಿ.”

ಮಹಾಂತಪ್ಪನ ಚಹಾದಂಗಡಿಯ ಕಟ್ಟೆಯ ಮೇಲೆ ಮಾತು ಗಕ್ಕನೆ ನಿಂತಿತು. ಸಂಜೆಯಾದರೆ ಸಾಕು, ಬೈಲಹೊಂಗಲದಲ್ಲಿ ಫುಟ್‌ಬಾಲಿನ ಹುಚ್ಚಿದ್ದವರೆಲ್ಲ ಅಲ್ಲಿ ಸೇರುತ್ತಿದ್ದರು. ಆದರೆ ಆ ಕಟ್ಟೆಯ ವಾದದಲ್ಲಿ ಹೆಣ್ಣು ದನಿ ಕೇಳಿದ್ದು ಅದೇ ಮೊದಲು.

ಕಾಂತೇಶ ತಿರುಗಿ ನೋಡಿದ.

ಬಲೆಯ ಚೀಲದಲ್ಲಿ ಚೆಂಡುಗಳನ್ನು ಹೆಗಲಿಗೆ ಹಾಕಿಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಬೂಟಿಗೆ ಮೈದಾನದ ಕರಿಮಣ್ಣು ಮೆತ್ತಿತ್ತು. ಕಣ್ಣಲ್ಲಿ ಅಂಜಿಕೆ ಎಂಬುದಿರಲಿಲ್ಲ.

“ಹಂಗಾದ್ರ ಯಾರ ತಪ್ಪ್ರಿ?” ಅಂದ ಕಾಂತೇಶ.

“ಹತ್ತಿರದ ಕಂಬಕ್ಕ ನಿಂತಾವ ಜಾಗಾ ಬಿಟ್ಟು ಓಡಿದ. ಅವಂದೂ ಅಲ್ಲ ಅನ್ರಿ. ಕಾರ್ನರ್ ಬಂದಾಗ ಎಲ್ಲಿ ನಿಲ್ಲಬೇಕಂತ ಕಲಿಸದ ಮ್ಯಾನೇಜರಂದು.”

ಮೂಲೆಯಲ್ಲಿದ್ದ ಸಿದ್ದರಾಮ ಕಾಕಾ ಮೀಸೆಯೊಳಗೇ ನಕ್ಕ. “ಕಾಂತ್ಯಾ, ಆಗಿನಿಂದ ಆ ಕೀಪರನ ಚರ್ಮಾ ಸುಲೀಲಿಕತ್ತಿದ್ದಿ. ಈಗ ಯಾಕ ಬಾಯಿ ಬಿದ್ದು ಹೋತು?”

ಕಾಂತೇಶ ತಲೆ ಕೆರೆದುಕೊಂಡ. ಅವನು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್. ಕೆಲಸ ಮುಗಿಸಿ ಹಾಗೆಯೇ ಬಂದಿದ್ದ. ಕೂದಲಲ್ಲಿ ಅರಳೆಯ ಎಳೆಗಳು ಅಲ್ಲಲ್ಲಿ ಅಂಟಿಕೊಂಡು, ಸಂಜೆಯ ಬಿಸಿಲಿಗೆ ಹೊಳೆಯುತ್ತಿದ್ದವು.

‘ಈ ಮನುಷ್ಯನ ತಲೆಯ ಮೇಲೆ ಮೋಡ ಇಳಿದಂತಿದೆಯಲ್ಲ...’ ಅಂದುಕೊಂಡಳು ಮಾಲಾ. ಅಂದುಕೊಂಡು ತನಗೆ ತಾನೇ ನಾಚಿದಳು.

ಮಾಲಾ ರಾಮದುರ್ಗದವಳು. ತಂದೆತಾಯಿ ಇಲ್ಲದ ಅವಳನ್ನು ಬೆಳೆಸಿದ್ದು ಅಜ್ಜಿ ಸಾವಂತ್ರೆವ್ವ, ಅವಳ ಬಾಯಲ್ಲಿ ಆಯಿ. ಬೆಳಗಾವಿಯಲ್ಲಿ ಕಾಲೇಜು ಓದುತ್ತ ಚೆಂಡಾಡಿದವಳು, ಆ ವರ್ಷ ಬೈಲಹೊಂಗಲಕ್ಕೆ ಬಂದಿದ್ದಳು. ಕಟ್ಟೆಯವರೇ ಕೂಡಿ ಕಟ್ಟಿದ ಕ್ಲಬ್ಬಿಗೆ ಹೊಸದಾಗಿ ಹುಡುಗಿಯರ ತಂಡ ಸೇರಿತ್ತು. ಅವರಿಗೆ ಕಲಿಸುವುದು ಅವಳ ಕೆಲಸ.

ಅಂದಿನಿಂದ ಮೈದಾನದ ಆಟ ಮುಗಿದ ಮೇಲೆ ಅವಳು ಕಟ್ಟೆಗೆ ಬರತೊಡಗಿದಳು. ಅವಳು ಬರುವಷ್ಟರಲ್ಲಿ ಮಾತು ಅರ್ಧಕ್ಕೆ ಬಂದಿರುತ್ತಿತ್ತು. ಪರದೇಶದ ಆಟಗಾರರ ಪಗಾರದ ಸುದ್ದಿ ಬಂದರಂತೂ ಮಹಾಂತಪ್ಪ ಒಲೆ ಬಿಟ್ಟು ಹೊರಗೆ ಬರುತ್ತಿದ್ದ.

“ಅವನ ಒಂದ ವಾರದ ಪಗಾರದಾಗ ನಮ್ಮ ಬಜಾರಪ್ಯಾಟಿ ಕೊಳ್ಳಬಹುದ್ರಿ. ಗೋಲು ಮಾತ್ರ ಹೊಡಿಯಾಕ ಒಲ್ಲ.”

“ಕಾಕಾ, ನೀ ಚಹಾದಾಗ ಸಕ್ರಿ ಕಡಿಮಿ ಹಾಕಿ ಪೂರಾ ರೊಕ್ಕಾ ತಗೋತಿ. ಅವಂದೂ ಹಂಗ,” ಅನ್ನುತ್ತಿದ್ದ ಕಾಂತೇಶ.

ಮಾಲಾ ನಗುತ್ತಿದ್ದಳು. ಅವಳು ನಕ್ಕ ಸಂಜೆ ಕಾಂತೇಶನಿಗೆ ವಾದದಲ್ಲಿ ಸೋಲು ಗೆಲುವಿನ ನೆನಪಿರುತ್ತಿರಲಿಲ್ಲ.

ಅವನು ಮೈದಾನಕ್ಕೂ ಬರತೊಡಗಿದ. ಚೆಂಡಿಗೆ ಗಾಳಿ ತುಂಬುತ್ತಿದ್ದ, ಹರಿದ ನೆಟ್ ಹೊಲಿಯುತ್ತಿದ್ದ, ಬಿದ್ದ ಹುಡುಗಿಯ ಮೊಣಕಾಲಿಗೆ ಅರಿಶಿಣ ಹಚ್ಚುತ್ತಿದ್ದ. ಒಂದು ಮಾತೂ ಹೆಚ್ಚಿಗೆ ಆಡುತ್ತಿರಲಿಲ್ಲ.

ರವಿವಾರ ಊರಿಗೆ ಹೋಗುವಾಗ ಮಾಲಾ ಬಸ್ಸಿನ ಕಿಟಕಿಗೆ ತಲೆ ಆನಿಸುತ್ತಿದ್ದಳು. ಮುನವಳ್ಳಿ ದಾಟಿ ನವಿಲುತೀರ್ಥದ ಹತ್ತಿರ ಬಂದರೆ, ಮಲಪ್ರಭೆಯ ನೀರು ಆಕಾಶವನ್ನೇ ಹಾಸಿಕೊಂಡು ಮಲಗಿರುತ್ತಿತ್ತು. ಅವಳಿಗೆ ಅರೆಗಣ್ಣಿನಲ್ಲಿ ಆ ನೀರೇ ಒಂದು ಹಸಿರು ಮೈದಾನವಾಗಿ ಕಾಣುತ್ತಿತ್ತು. ಹುಡುಗಿಯರು ಓಡುತ್ತಿದ್ದಾರೆ... ಚೆಂಡು ಹಕ್ಕಿಯಂತೆ ಹಾರುತ್ತಿದೆ... ಆಚೆ ದಡದಲ್ಲಿ ಯಾರೋ ನಿಂತಿದ್ದಾನೆ...

ಸವದತ್ತಿ ಬಂತೆಂದು ಕಂಡಕ್ಟರ್ ಕೂಗಿದಾಗಲೇ ಅವಳು ಎಚ್ಚರಾಗುತ್ತಿದ್ದಳು.

ಹೀಗಿರುವಾಗ ಬೆಳಗಾವಿಯ ಒಂದು ಫುಟ್‌ಬಾಲ್ ಅಕಾಡೆಮಿಯಿಂದ ಕರೆ ಬಂತು; ಸುದ್ದಿ ಕಟ್ಟೆಗೂ ಮುಟ್ಟಿತು. ಇಲ್ಲಿಗಿಂತ ಪಗಾರ ಬಹಳ ಹೆಚ್ಚು. ಮಾಲಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ವಿಚಾರ ಮಾಡಿ ಹೇಳುತ್ತೇನೆ ಅಂದಳು. ಏನು ವಿಚಾರ ಮಾಡುವುದಿತ್ತು ಎಂಬುದು ಅವಳ ಎದೆಗೆ ಗೊತ್ತಿತ್ತು.

ಅದೇ ಹೊತ್ತಿಗೆ ಕ್ಲಬ್ಬಿನಲ್ಲಿ ಒಂದು ತೀರ್ಮಾನ ಆಗಬೇಕಾಗಿ ಬಂತು. ಬರುವ ಪಂದ್ಯಾವಳಿಗೆ ಗೋವಾದಿಂದ ಆಟಗಾರರನ್ನು ಪಗಾರ ಕೊಟ್ಟು ಕರೆಸುವುದೋ, ಅಥವಾ ಅದೇ ದುಡ್ಡಿನಲ್ಲಿ ಹುಡುಗಿಯರ ತಂಡವನ್ನು ಮುಂದುವರಿಸುವುದೋ? ಎರಡೂ ಮಾಡುವ ಶಕ್ತಿ ಕ್ಲಬ್ಬಿಗೆ ಇರಲಿಲ್ಲ.

ಆ ಸಂಜೆ ಆಟದಲ್ಲಿ ಉಮಾಶ್ರೀ ಎಂಬ ಹುಡುಗಿಯ ಕಾಲು ಉಳುಕಿತು. ಅವಳನ್ನು ಮನೆ ಮುಟ್ಟಿಸಿ ಬರುವಷ್ಟರಲ್ಲಿ ಮಾಲಾಳಿಗೆ ತಡವಾಯಿತು. ಕಟ್ಟೆಯ ಹಿಂದಿನ ಬೇವಿನ ಮರದ ಹತ್ತಿರ ಬಂದಾಗ ಕಾಂತೇಶನ ದನಿ ಕೇಳಿಸಿತು.

“ಸಸಿಗೆ ನೀರು ಹಾಕ್ಕೋತ ಕುಂತ್ರ ಇವತ್ತಿನ ಹಸಿವು ಹಿಂಗತೈತೇನ್ರಿ? ಈ ಹುಡುಗ್ಯಾರು ನಾಕು ದಿನ ಆಡ್ತಾರ. ಆಮ್ಯಾಲ ಲಗ್ನಾ ಮಾಡ್ಕೊಂಡು ಹೋಗ್ತಾರ. ಕಪ್ ಬೇಕಂದ್ರ ಕಾಲಾಗ ಕಸುವಿದ್ದಾವನ್ನ ತರ್ರಿ.”

ಅವನ ಅಜ್ಜಿ ರಾಯವ್ವ ಹಾಡಿಕೆಯಲ್ಲಿ ಹೆಸರಾದವಳು. ಮೊಮ್ಮಗನ ನಾಲಿಗೆಗೂ ಆ ಲಯ ಇಳಿದಿತ್ತು. ಜನ ತಲೆದೂಗಿದರು. ಚಪ್ಪಾಳೆ ಬಿತ್ತು.

ಮಾಲಾ ಮರದ ಮರೆಯಲ್ಲೇ ನಿಂತಳು.

‘ಮೊಣಕಾಲಿಗೆ ಅರಿಶಿಣ ಹಚ್ಚಿದ ಕೈ ಇವನದೇನಾ? ಮನಸ್ಸಿನಲ್ಲಿ ಇದನ್ನು ಇಟ್ಟುಕೊಂಡೇ ನನ್ನ ಮೈದಾನಕ್ಕೆ ಬರುತ್ತಿದ್ದನೇ...’

ಅವಳು ಮುಂದೆ ಬರಲಿಲ್ಲ. ಬಂದ ಹಾದಿಯಲ್ಲೇ ತಿರುಗಿದಳು. ಮರುದಿನ ಬೆಳಿಗ್ಗೆ ಫೋನು ಬಂದ್ ಮಾಡಿ ರಾಮದುರ್ಗದ ಬಸ್ಸು ಹತ್ತಿದಳು. ಅಂದು ನವಿಲುತೀರ್ಥದ ನೀರು ಬರೀ ನೀರಾಗಿತ್ತು.

ಸಾವಂತ್ರೆವ್ವ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಗೋಡೆಯ ಮೇಲೆ ಬಾಬಾಸಾಹೇಬರ ಪಟ, ಅದರ ಪಕ್ಕದಲ್ಲಿ ಬುದ್ಧ. ಮೊಮ್ಮಗಳು ಬಂದು ಕೌದಿಯ ಅಂಚಿನ ಮೇಲೆ ಮಲಗಿದ್ದನ್ನು ನೋಡಿ ಆಯಿ ಸೂಜಿದಾರ ಸರಿಸಿ ಜಾಗ ಮಾಡಿಕೊಟ್ಟಳು. ಎರಡು ದಿನ ಹಾಗೆಯೇ ಕಳೆದವು.

ಮೂರನೆಯ ದಿನ ಮಾಲಾ ತಾನೇ ಎಲ್ಲ ಹೇಳಿದಳು. “ನಾಳೆ ಬೆಳಗಾವಿಯವರಿಗೆ ಹೂಂ ಅಂತೇನಿ, ಆಯಿ.”

“ಅಂದೀಯಂತ ತಡಿ. ಅಂವ ಮಾತಾಡಿದ ಧಾಟಿ ಹೆಂಗಿತ್ತು, ಅಂದು ತೋರಿಸು.”

ಮಾಲಾ ಆ ಮಾತುಗಳನ್ನು ಅದೇ ಏರಿಳಿತದಲ್ಲಿ ಅಂದು ತೋರಿಸಿದಳು. ಮರೆಯಬೇಕೆಂದರೂ ಒಂದಕ್ಷರ ಮರೆತಿರಲಿಲ್ಲ.

ಆಯಿ ಸೂಜಿ ಕೆಳಗಿಟ್ಟು ನಕ್ಕಳು. “ಹುಚ್ಚಿ. ಇದು ಮನಸಿನ ಮಾತಲ್ಲ. ಇದು ಹರದೇಶಿ.”

ನಮ್ಮ ಕಡೆ ಹಾಡಿಕೆಯ ಮೇಳಗಳು ಎದುರುಬದುರು ಕೂಡುತ್ತವೆ. ಗಂಡು ಹೆಚ್ಚು ಎಂದು ಹಾಡುವವರು ಹರದೇಶಿ, ಹೆಣ್ಣು ಹೆಚ್ಚು ಎಂದು ಹಾಡುವವರು ನಾಗೇಶಿ. ಹಿಡಿದ ಪಕ್ಷವನ್ನು ಬಿಟ್ಟುಕೊಡದೆ ಹಾಡಬೇಕು. ಸ್ವಂತದ ಮನಸ್ಸು ಏನಿದೆಯೆಂದು ಅಲ್ಲಿ ಯಾರೂ ಕೇಳುವುದಿಲ್ಲ.

“ನಮ್ಮ ಓಣಿ ಮುದಕವ್ವನ ಗಂಡ ಹರದೇಶಿ ಹಾಡಾಂವ,” ಅಂದಳು ಆಯಿ. “ಮ್ಯಾಳದಾಗ ಹೆಂಗಸರನ್ನ ಜಾಡಿಸಿ ಬಂದು, ಮನ್ಯಾಗ ಹೆಂಡ್ತಿ ಕಾಲು ಒತ್ತತಿದ್ದ.”

“ಚೆಂಡಿನ ಮಾತಿಗೆ ಹರದೇಶಿ ಯಾಕ ಬೇಕು?”

“ಅದನ್ನ ಅವರಿಗೆ ಕೇಳು. ನಾ ಹೇಳೂದು ಇಷ್ಟ. ಎದುರಿನವರು ಉತ್ತರಾ ಹಾಡದ ಎದ್ದು ಹೋದ್ರ, ಹಾಡಿದಾವಗೂ ಗೆಲವಿಲ್ಲ, ಹೋದಾಕಿಗೂ ನಿದ್ದಿ ಇಲ್ಲ. ನಿನಗ ನಿದ್ದಿ ಬಂದೈತೇನು?”

ಮಾಲಾ ಎದ್ದು ಮುಖ ತೊಳೆದುಕೊಂಡು ಬೈಲಹೊಂಗಲದ ಬಸ್ಸು ಹತ್ತಿದಳು.

ಅವಳು ಕಟ್ಟೆ ಮುಟ್ಟಿದಾಗ ಸಂಜೆಯ ಬಿಸಿಲು ಬೇವಿನೆಲೆಗಳಲ್ಲಿ ಸೋಸಿ ಬೀಳುತ್ತಿತ್ತು. ಎಲ್ಲರೂ ಇದ್ದರು. ಕಾಂತೇಶ ಮಾತ್ರ ಇರಲಿಲ್ಲ.

“ಬರ್ರಿ, ಕುಂದರ್ರಿ,” ಅಂದ ಮಹಾಂತಪ್ಪ, ಏನೂ ಆಗಿಲ್ಲವೆಂಬಂತೆ. ಅವನು ತರುಣನಿದ್ದಾಗ ಹರದೇಶಿ ಮೇಳದಲ್ಲಿ ದಪ್ಪು ಬಾರಿಸಿದವನು. “ಅವತ್ತ ನೀವು ಬೇವಿನ ಗಿಡದ ಕಡಿಂದ ತಿರುಗಿ ಹೋಗಿದ್ದು ಕಂಡಿದ್ದೆ. ನಿಮ್ಮ ಉತ್ತರಾ ಬಾಕಿ ಐತಿ.”

“ಅವತ್ತ ತೀರ್ಮಾನ ಆಗಲಿಲ್ಲೇನ್ರಿ?”

“ಒಂದ ಕಡಿ ಮಾತು ಕೇಳಿ ಹೆಂಗ ಆಗತೈತಿ? ದಿನಾ ಸಂಜಿ ಕುಂತು, ನಿಮ್ಮ ದಾರಿ ನೋಡಿ ಎದ್ದು ಹೊಂಟೇವಿ.”

ಆಮೇಲೆ ಅವನೇ ಬಿಡಿಸಿ ಹೇಳಿದ. ಕ್ಲಬ್ಬಿನ ದೊಡ್ಡ ತೀರ್ಮಾನವಿದ್ದಾಗ ಅವನು ಚಹಾದ ಕಪ್ಪಿನಡಿಯ ಬಶಿಯನ್ನು ಬುಗುರಿಯಂತೆ ತಿರುಗಿಸುತ್ತಾನೆ. ಅದು ಅಂಗಾತ ಬಿತ್ತೋ, ಬೋರಲು ಬಿತ್ತೋ, ಅದರ ಮೇಲೆ ಯಾರಿಗೆ ಯಾವ ಪಕ್ಷ ಎಂಬುದು ನಿಲ್ಲುತ್ತದೆ. ತಮ್ಮ ತಮ್ಮ ಮಂದಿಗೇ ಎಲ್ಲರೂ ಅನುಕೂಲದ ಮಾತಾಡಬಾರದೆಂದು ಮಾಡಿದ ಕಟ್ಟಳೆ. ಮಾಲಾ ಬಂದ ಮೇಲೆ ಅಂಥ ತೀರ್ಮಾನ ಬಂದಿರಲಿಲ್ಲ. ಗೊತ್ತಿದ್ದೀತು ಅಂದುಕೊಂಡು ಯಾರೂ ಹೇಳಿರಲಿಲ್ಲ.

“ಅವಗ ಗೋವಾದವರ ಪಕ್ಷ ಬಿತ್ತು, ನಿಮಗ ಹುಡುಗ್ಯಾರದು. ಇನ್ನೊಮ್ಮೆ ತಿರುಗಿಸು ಕಾಕಾ ಅಂದ. ಯಾರೂ ಹಂಗ ಕೇಳಿದ್ದಿಲ್ಲ. ನಾ ಒಲ್ಲೆ ಅಂದೆ.”

ಮಾಲಾ ಕಟ್ಟೆಯ ಅಂಚಿನಲ್ಲಿ ಕುಳಿತಳು.

ಅಷ್ಟರಲ್ಲಿ ಕಾಂತೇಶ ಬಂದ. ಕೊರಳಲ್ಲಿ ಸೀಟಿ, ಅಂಗಿಯ ತುಂಬ ಮೈದಾನದ ಧೂಳು. ಅವಳಿಲ್ಲದ ದಿನಗಳಲ್ಲಿ ಅವಳ ಹುಡುಗಿಯರನ್ನು ಆಡಿಸಿದವನು ಅವನೇ. ಅವಳನ್ನು ಕಂಡು ಅಲ್ಲೇ ನಿಂತ. ಆಮೇಲೆ ಸುಮ್ಮನೆ ಬಂದು ಎದುರಿಗೆ ಕುಳಿತ.

“ಹಾಂ, ಹೇಳ್ರಿ,” ಅಂದ ಸಿದ್ದರಾಮ ಕಾಕಾ.

ಮಾಲಾ ಎದ್ದು ನಿಂತಳು. ಮೊದಲ ಮಾತು ನಡುಗಿತು. ಆಮೇಲೆ ದನಿ ತನ್ನ ದಾರಿ ಹಿಡಿಯಿತು.

“ಹೊರಗಿನಾಂವ ಕಪ್ ಗೆದ್ದು ಕೊಡತಾನ, ಖರೆ. ಅಂವ ಹೋಗತಾನ, ಕಪ್ ಉಳೀತೈತಿ. ಬರು ವರ್ಷ ಆ ಕಪ್ ಇಳಿದು ಬಂದು ಚೆಂಡು ಒದೀತೈತೇನ್ರಿ?”

ಕಟ್ಟೆ ನಕ್ಕಿತು.

“ಈ ಹುಡುಗ್ಯಾರು ಮೊದಲ ಚೆಂಡು ಬಂದ್ರ ಕಣ್ಣು ಮುಚ್ಚತಿದ್ರು. ಈಗ ಎದಿಯೊಡ್ಡಿ ನಿಲ್ಲತಾರ. ಲಗ್ನಾ ಆಗಿ ಹೋದ್ರೂ ಹೋಗಲಿ. ಹೋದ ಮನ್ಯಾಗೂ ಹಂಗ ನಿಲ್ಲತಾರಲ್ಲ. ಅದು ಲುಕ್ಸಾನೇನ್ರಿ?”

ಈಗ ಯಾರೂ ನಗಲಿಲ್ಲ.

ಹರದೇಶಿಗೆ ಒಂದು ಮರುಪ್ರಶ್ನೆ ಕೇಳುವ ಹಕ್ಕಿತ್ತು. ಕಾಂತೇಶ ತಲೆ ತಗ್ಗಿಸಿಯೇ ಕೇಳಿದ.

“ಬೆಳಗಾವಿಯವರು ನಿಮ್ಮನ್ನ ಕರದಾರಂತ. ಪಗಾರ ಜಾಸ್ತಿ ಐತಂತ. ಬ್ಯಾಡ ಅನ್ನಾಕ ನಾವ್ಯಾರು? ಖರೆ, ಸಸಿ ಹಚ್ಚಿ ನೀವೂ ಹೊಂಟ್ರ, ನೀವೂ ಹೊರಗಿನ ಆಟಗಾರ ಆದಂಗ ಅಲ್ಲೇನ್ರಿ? ಅವರು ಬೆಳಿಯೂತನಕ... ನೀವು ಇಲ್ಲಿ ಇರತೀರೇನು?”

ಕೊನೆಯ ಮಾತಿಗೆ ಬಂದಾಗ ಆ ಲಯಬದ್ಧ ದನಿ ಒಡೆದಿತ್ತು. ಅದು ಎಲ್ಲರಿಗೂ ಕೇಳಿಸಿತು.

ಮಾಲಾ ಅವನನ್ನೇ ನೋಡಿದಳು. “ಇದನ್ನ ಹರದೇಶಿ ಕೇಳತಾನೋ, ಕಾಂತೇಶ ಕೇಳತಾನೋ?”

ಕಾಂತೇಶ ತಲೆ ಎತ್ತಿದ.

“ಈ ಪ್ರಶ್ನಿ ಬಶಿ ಕೊಟ್ಟದ್ದಲ್ರಿ,” ಅಂದ.

“ಹಂಗಾದ್ರ ಇರತೇನಿ.”

ಮಹಾಂತಪ್ಪ ಹೆಗಲ ಮೇಲಿನ ವಸ್ತ್ರ ಝಾಡಿಸಿದ. “ನಾಗೇಶಿ ಗೆದ್ದಳಪಾ. ಗೋವಾದವರು ಅಲ್ಲೇ ಮೀನಾ ತಿಂದು ಆರಾಮ ಇರಲಿ. ಎಲ್ಲಾರೂ ಏಳ್ರಿ, ಇವರಿಬ್ಬರ ಮಾತು ಇನ್ನೂ ಮುಗಿದಂಗ ಕಾಣೂದಿಲ್ಲ.”

ಇಬ್ಬರೂ ಮೈದಾನದ ಕಡೆ ನಡೆದರು. ಆಕಾಶ ಕೆಂಪಾಗಿ, ಗೋಲಿನ ಕಂಬಗಳ ನಡುವೆ ಸೂರ್ಯ ನಿಧಾನವಾಗಿ ಇಳಿಯುತ್ತಿದ್ದ. ಅವನನ್ನು ತಡೆಯಲು ಅಲ್ಲಿ ಯಾವ ಕೀಪರನೂ ಇರಲಿಲ್ಲ.

“ಸೋತುಕೊಡಬಹುದಿತ್ತಲ್ರಿ,” ಅಂದಳು ಮಾಲಾ ಮೆಲ್ಲಗೆ.

“ಕೊಡಬಹುದಿತ್ತು. ನಾಳೆ ಯಾರರ, ಕಾಂತೇಶ ಬಿಟ್ಟುಕೊಟ್ಟ, ಅದಕ್ಕ ಗೆದ್ರು ಅಂದಿದ್ರ? ನಿಮಗ ಅಂಥಾ ಗೆಲವು ಕೊಡೂದು ನನಗ ಬ್ಯಾಡಾಗಿತ್ತು.” ಅವನು ನಿಂತ. “ಖರೆ, ಮೊದಲ ನಿಮಗ ಹೇಳಬೇಕಾಗಿತ್ತು. ಆ ತಪ್ಪು ನಂದು.”

“ರಾಮದುರ್ಗಕ್ಕ ಯಾಕ ಬರಲಿಲ್ಲ?”

“ಸವದತ್ತಿ ತನಕ ಬಂದಿದ್ದೆ.”

ಮಾಲಾ ಬೆರಗಾಗಿ ನೋಡಿದಳು.

“ಅಲ್ಲಿ ಸ್ಟ್ಯಾಂಡಿನ್ಯಾಗ ಕುಂತು ವಿಚಾರ ಮಾಡಿದೆ. ದೊಡ್ಡ ಕೆಲಸಕ್ಕ ಹೊಂಟಾಕಿನ್ನ ನಾ ಹೆಂಗ ತಡೀಲಿ? ಏನಂತ ಹೇಳಿ ತಡೀಲಿ? ತಿರುಗಿ ಬಂದೆ. ಬಂದಾಗಿನಿಂದ ಮಿಲ್ಲಿನ ಸಪ್ಪಳದಾಗೂ ನಿಮ್ಮ ದನಿನ ಕೇಳತೈತಿ... ನೀವಂದ್ರ ನನಗ ಜೀವಾರಿ, ಮಾಲಾ.”

ಕರಿಮಣ್ಣಿನ ವಾಸನೆ ಹೊತ್ತು ಗಾಳಿ ಸುಳಿಯಿತು. ಅವಳ ಕಣ್ಣು ತುಂಬಿ ಬಂತು. ಮುಚ್ಚಿಡಲು ಅವಳು ಯತ್ನಿಸಲಿಲ್ಲ.

“ಆಯಿ ಮುಂದ ಬಂದು ಕೇಳ್ರಿ,” ಅಂದಳು.

“ಆಯಿ ಒಲ್ಲೆ ಅಂದ್ರ? ಬಹಳ ಪ್ರಶ್ನಿ ಕೇಳತಾರಂತ ನೀವ ಹೇಳಿದ್ರಿ.”

“ಕೇಳತಾಳ.”

“ನೀವು ಎದುರು ಕುಂತು ನಗತೀರಿ, ಅಲ್ಲಾ?”

“ಇಲ್ರಿ,” ಮಾಲಾ ಅವನ ಧೂಳು ತುಂಬಿದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. “ಆವತ್ತ ನಾ ನಿಮ್ಮ ಕಡೆ ಕುಂದರತೇನಿ.”