ಮುಸುಕಿನವರ ನೀಲಿ

"ಕಟ್ಟಬೇಡಪ್ಪಾ, ಅದನ್ನ ಕಟ್ಟಬೇಡ. ನೀಲಿಗೆ ಅದ್ದುವಾಗ ಹೆತ್ತವಳು ಮಂತ್ರ ಹಾಕಿರ್ತಾಳೆ. ಬೇರೆಯವನು ಸುತ್ತಿಕೊಂಡರೆ ಅವನ ಮೋರೆ ಅವನದಾಗಿ ಉಳಿಯಲ್ಲ."

ಮರಾಕೇಶದ ಒಡೆದ ಹೆಬ್ಬಾಗಿಲಲ್ಲಿ, ಹೆಣಗಳ ನಡುವೆ ಕೂತಿದ್ದ ಮುದುಕಿ ತಮೀಮಾ ಹೇಳಿದಳು. ಹೆಣವೊಂದರ ಮುಸುಕಿಗೆ ಕೈ ಹಾಕಿದ್ದ ಯಿದ್ದಿರ್ ನಕ್ಕ. ಪಟ್ಟಣ ಗೆದ್ದ ಬೆಟ್ಟದ ಪಡೆಯೊಂದಿಗೆ ಅಂದೇ ಒಳಗೆ ಕಾಲಿಟ್ಟವನು.

"ಗಂಡಸರು ಮುಸುಕು ಹಾಕ್ಕೊಂಡ್ರೆ ರಾಜ್ಯ ಉಳಿಯುತ್ತಾ ಅಜ್ಜಿ? ನಿಮ್ಮ ಹೆಂಗಸರ ಕೈಗೇ ಕತ್ತಿ ಕೊಡಬೇಕಿತ್ತು!"

ಗೆಳೆಯರು ಕೇಕೆ ಹಾಕಿದರು. ಅವನು ಆ ಸತ್ತವನ ಮುಸುಕು ಕಿತ್ತು ಮೂಗಿನವರೆಗೆ ಸುತ್ತಿಕೊಂಡು, ಅವರ ದೊರೆ ಅಮೀರನ ಹಾಗೆ ಕತ್ತು ಕೊಂಕಿಸಿ ನಡೆದು ತೋರಿಸಿದ.

ಮರಳುಗಾಡಿನಿಂದ ಒಂಟೆಯೇರಿ ಬಂದು, ಡೇರೆ ಹೂಡಿದ ಬಯಲಲ್ಲೇ ಈ ಕೆಂಪು ಪಟ್ಟಣ ಎಬ್ಬಿಸಿ, ಕಡಲಾಚೆಯವರನ್ನೂ ನಡುಗಿಸಿದ ಮುರಾಬಿತರ ವಂಶ ಅಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಉಣ್ಣುವಾಗಲೂ ಬಾಯಿ ತೋರಿಸದ ಗಂಡಸರು. ಮುಸುಕು ಹೋದ ಮೇಲೆ ಹೆಣ ಯಾರದೆಂದು ಮನೆಯವರಿಗೇ ತಿಳಿಯದು. ತಮೀಮಾ ಒಂದೊಂದು ಮುಖಕ್ಕೂ ತನ್ನ ಹೊದಿಕೆಯ ಅಂಚು ಮುಚ್ಚಿ, ಕಣ್ಣು ನೋಡಿ, "ನನ್ನವನಲ್ಲ" ಎಂದು ಮುಂದೆ ಸರಿಯುತ್ತಿದ್ದಳು.

ಯಿದ್ದಿರ್ ಸುತ್ತಿಕೊಂಡ ಬಟ್ಟೆಯೊಳಗೆ ಕೊಳೆತ ನೀಲಿಸೊಪ್ಪಿನ ನಾತ. ಯಾರೋ ಹೆಂಗಸು ಕಿವಿಯಲ್ಲಿ ಗುನುಗಿದಂತಾಯಿತು. ಗಂಟು ಬಿಚ್ಚಿ ಎಸೆದ. ತುಟಿ ನೀಲಿ. ಗಲ್ಲ ನೀಲಿ. ತೊಳೆದ. ಮರಳಲ್ಲಿ ಉಜ್ಜಿದ. ಹೋಗಲಿಲ್ಲ.

"ಏಯ್, ಯಾರೋ ನೀನು?" ಗೆಳೆಯರೇ ಈಟಿ ಎತ್ತಿದ್ದರು.

"ನಾನ್ರೋ, ಯಿದ್ದಿರ್!"

"ಅವನ ಹೆಸರು ಹೇಳ್ತೀಯಾ ನೀಲಿ ಮೂತಿ? ಎಲ್ಲಿ ಕೊಂದು ಹಾಕ್ದೆ ಅವನನ್ನ?"

ಓಡಿದ. ಹೊಗೆ. ಕತ್ತಲ ಓಣಿ. ಹಿಂದೆ ಹೆಜ್ಜೆ. ಇನ್ನೂ ಹತ್ತಿರ. ಸುಟ್ಟ ಮನೆಯೊಂದರ ಬೂದಿಯಲ್ಲಿ ಉಸಿರು ಬಿಗಿಹಿಡಿದು ಬಿದ್ದುಕೊಂಡ.

ಈಟಿಯವರು ದೂರವಾದ ಮೇಲೆ, ಹೆದರಿಕೆಗೋ ಪಶ್ಚಾತ್ತಾಪಕ್ಕೋ, ಹೆಬ್ಬಾಗಿಲಿಗೆ ಮರಳಿ, ತಾನು ಮುಸುಕು ಕಿತ್ತವನನ್ನು ಹೊತ್ತೊಯ್ದು ಕೋಟೆ ಗೋಡೆಯಾಚೆ ಹೂತ. ನೀಲಿ ಮಾಸಲಿಲ್ಲ. ಬೆಟ್ಟದ ಹೆಂಗಸರು ತಮ್ಮವರನ್ನು ಹುಡುಕಿ ಬರುತ್ತಾರೆ, ಅವ್ವ ಒಬ್ಬಳಾದರೂ ಗುರುತಿಸುತ್ತಾಳೆ ಎಂಬುದೊಂದೇ ಆಸೆ ಉಳಿದಿತ್ತು.

ಕೆಲವು ದಿನಕ್ಕೆ ಅವಳು ಬಂದಳು, ಬಾರ್ಲಿ ರೊಟ್ಟಿಯ ಗಂಟು ಹಿಡಿದು. ಅಡ್ಡ ನಿಂತ.

"ಅವ್ವಾ."

ತುಂಬ ಹೊತ್ತು ಅವನ ಮುಖ ನೋಡಿದಳು.

"ಯಾರು ಹೆತ್ತ ಮಗನೋ, ಅವ್ವ ಅಂತೀಯ. ನನ್ನ ಯಿದ್ದಿರ್‌ನ ಕಂಡೆಯೇನಪ್ಪ? ಹುಟ್ಟಿದವೆಲ್ಲ ಹೋಗಿ ಇವನೊಬ್ಬ ನಿಂತ. ಬದುಕಲಿ ಅಂತಲೇ ಆ ಹೆಸರಿಟ್ಟೆ. ಸಿಗೋವರೆಗೂ ಒಂದೊಂದೇ ಹೆಣ ತಿರುವಿ ನೋಡ್ತೀನಿ."

ನಾನೇ ಎಂದು ಕೂಗಲು ಬಾಯಿ ತೆರೆದವನ ಕಣ್ಣಿಗೆ ಅವಳು ತಿರುವಬೇಕಾದ ಹೆಣಗಳ ಸಾಲು ಬಿತ್ತು.

"ಕಂಡೆ," ಎಂದ. "ಬಾಗಿಲು ಒಡೆದ ದಿನವೇ ಹೋದ. ನರಳಲಿಲ್ಲ. ನಾನೇ ಮಣ್ಣು ಮಾಡಿದೆ, ಬಾ."

ಆ ಪರರ ಮಗನ ಗೋರಿಯ ಮೇಲೆ ಬಿದ್ದು ಅವಳು ಅತ್ತಳು. ಅಳು ಬತ್ತಿದ ಮೇಲೆ ಗಂಟು ಬಿಚ್ಚಿ, ರೊಟ್ಟಿ ಮುರಿದು ಅವನ ಕೈಗಿಟ್ಟಳು.

"ತಿನ್ನಪ್ಪಾ. ಅವನ ಪಾಲು."