ಹಳೇ ರೇಟಿನ ಪಾಸ್

"ರೊಕ್ಕ ಕೊಟ್ಟು ಪಾಸ್ ಮಾಡಿಸಿದವರು ನಿಂತು ಹೋಗಬೇಕು, ಪುಕ್ಕಟ್ಟೆ ಮಂದಿ ಕುಂತು ಹೋಗಬೇಕು! ಏನ್ ಕಾಲ ಬಂತಪಾ!"

ಮುಂಜಾನೆಯ ಕೊಪ್ಪಳ-ಗಂಗಾವತಿ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಕಿಟಕಿ ಪಕ್ಕ ಕೂತಿದ್ದ ದುರ್ಗಾದೇವಿ ಗಕ್ಕನೆ ತಲೆ ಎತ್ತಿದಳು. ಕಂಬಿಗೆ ಜೋತುಬಿದ್ದಿದ್ದ ಹುಡುಗನ ಬಾಯಿಂದ ಬಂದಿತ್ತು ಆ ಮಾತು.

"ಯಾರಿಗಂದ್ರಿ?"

"ನಿಮಗಲ್ರಿ... ಹಂಗ ಸುಮ್ನ..."

"ಸುಮ್ನ ಯಾಕ ಅಂತೀರಿ? ಹೆಣ್ಮಕ್ಕಳಿಗೆ ಸರಕಾರ ಟಿಕೀಟ್ ಪುಕ್ಕಟ್ಟೆ ಮಾಡೈತಿ ಅಂತ ನಮ್ಮ ದುಡಿಮಿನೂ ಪುಕ್ಕಟ್ಟೆ ಐತೇನ್ರಿ? ನಸುಕಿನ್ಯಾಗ ಎದ್ದು, ರೊಟ್ಟಿ ಬಡದು, ಓಡಿ ಬಂದು ಸೀಟ್ ಹಿಡದೀನಿ. ನೀವೂ ಲಗೂನ ಬರ್ರಿ, ಕುಂದರ್ರಿ. ಯಾರ್ ಬ್ಯಾಡ ಅಂದಾರ?"

ಸುತ್ತಲಿದ್ದ ಹೆಂಗಸರು ಹೋ ಎಂದು ನಕ್ಕರು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಜಿಲಾನಸಾಬನೂ ನಕ್ಕ. ಹುಡುಗನ ಮುಖ ಕಿವಿಯವರೆಗೆ ಕೆಂಪೇರಿತು.

"ತಪ್ಪಾತ್ರಿ. ಇವತ್ತಿಂದ ರೇಟ್ ಏರತೈತಿ ಅಂತ ನಿನ್ನೆ ಓಡಿ ಹೋಗಿ ಹಳೇ ರೇಟಿನ್ಯಾಗ ತಿಂಗಳ ಪಾಸ್ ಮಾಡಿಸೀನಿ. ಒಂದಿನಾರ ಕುಂತು ಹೋಗೋ ಆಸೆ ಇತ್ತು, ಅಷ್ಟ..."

ಆ ಪೆಚ್ಚು ಮುಖ ನೋಡಿದ ಮೇಲೆ ಅವಳಿಗೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ.

"ಬ್ಯಾಗಾರ ಕೊಡ್ರಿ ಇಲ್ಲಿ," ಎಂದಳು.

ನಿಂತವರ ಬ್ಯಾಗು ಕೂತವರ ತೊಡೆಯ ಮೇಲೆ ಹೋಗುವುದು ಆ ಬಸ್ಸಿನ ರೂಢಿ. ಅಂದಿನಿಂದ ಅವನ ಬ್ಯಾಗು ದಿನವೂ ಅವಳ ತೊಡೆಯ ಮೇಲೆಯೇ ಪ್ರಯಾಣ ಮಾಡಿತು. ಅದರ ಜೊತೆ ಮಾತೂ ಶುರುವಾಯಿತು.

ಹೆಸರು ಸಿದ್ದಾರ್ಥ. ಗಂಗಾವತಿಯ ಸರಕಾರಿ ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡುವವನು. ಅವಳು ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಬಿಲ್ ಹಾಕುವವಳು. ಸುಗ್ಗಿಯ ಕಾಲ, ಅವಳಿಗೆ ಐತವಾರವೂ ರಜೆಯಿಲ್ಲ. ಅಂಥ ಒಂದು ಐತವಾರ ನೋಡಿದರೆ, ಈ ಪುಣ್ಯಾತ್ಮ ಬಸ್ಸಿನಲ್ಲಿ ಹಾಜರ್!

"ಇವತ್ತ ನಿಮಗ ಸೂಟಿ ಅಲ್ಲೇನ್ರಿ?"

"ಹೌದ್ರಿ. ಪಾಸ್ ಐತಲ್ಲ, ಮನ್ಯಾಗ ಕುಂತ್ರ ಲುಕ್ಸಾನು. ಗಂಗಾವತ್ಯಾಗ ಚಹಾ ಕುಡದು ಬರ್ತೀನಿ."

"ಕೊಪ್ಪಳದಾಗ ಚಹಾ ಸಿಗಂಗಿಲ್ಲೇನು?"

"ಸಿಗತೈತ್ರಿ. ಪಾಸ್ ವಸೂಲಾಗಂಗಿಲ್ಲ!"

ಅವಳು ನಕ್ಕಳು. ಒಳಗೆ ಮಾತ್ರ ಚುರ್ ಎಂದಿತು. 'ಒಮ್ಮೆಯಾದರೂ ನಿಮ್ಮ ಸಲುವಾಗಿ ಬಂದೆ ಅನ್ನಬಾರದೇ ಈ ಮನುಷ್ಯ?'

ಹೌದು, ಅಷ್ಟೊತ್ತಿಗಾಗಲೇ ಅವಳ ಮನಸ್ಸು ಅವಳ ಮಾತು ಕೇಳುತ್ತಿರಲಿಲ್ಲ.

ಮನೆಯಲ್ಲಿ ಅವ್ವ ಹೊಳಿಯಮ್ಮನ ರಗಳೆ ಬೇರೆ. ಯಲಬುರ್ಗಾದಿಂದ ಒಂದು ಸಂಬಂಧ ಬಂದಿತ್ತು. "ನೋಡಾಕ ಬರ್ರಿ ಅನ್ಲ್ಯಾ?" ಎಂದು ದಿನಾ ಕೇಳುತ್ತಿದ್ದಳು. "ಈ ತಿಂಗಳ ಮುಗೀಲಿ ತಡಿ ಬೇ," ಎಂದು ದುರ್ಗಾದೇವಿ ಜಾರಿಕೊಳ್ಳುತ್ತಿದ್ದಳು. ತಿಂಗಳು ಮುಗಿಯುವುದರೊಳಗೆ ಅವನು ಬಾಯಿ ಬಿಡುತ್ತಾನೆ ಎಂಬ ಆಸೆ!

ಅವನು ಬಾಯಿ ಬಿಟ್ಟ. ಆದರೆ...

"ಇವತ್ತಿಗೆ ಪಾಸ್ ಮುಗೀತ್ರಿ. ಹೊಸಾ ರೇಟಿನ್ಯಾಗ ಮಾಡಸೋದು ಗಿಟ್ಟಂಗಿಲ್ಲ."

"ಮತ್ತ ಡ್ಯೂಟಿಗೆ ಹೆಂಗ ಬರ್ತೀರಿ?"

ಅವನು ಅವಸರದಿಂದ ಬ್ಯಾಗು ತೆಗೆದುಕೊಂಡು ಗಂಗಾವತಿ ನಿಲ್ದಾಣದ ಗದ್ದಲದಲ್ಲಿ ಮರೆಯಾದ.

"ಡ್ಯೂಟಿ ಎಲ್ಲೈತವಾ ಅವಗ ಇಲ್ಲಿ?" ಎಂದ ಹಿಂದೆ ನಿಂತಿದ್ದ ಜಿಲಾನಸಾಬ. "ಕೊಪ್ಪಳ ಆಸ್ಪತ್ರಿಗೇ ವರ್ಗ ಆಗಿ ಭಾಳ ದಿನ ಆತು. ಮಧ್ಯಾಹ್ನದ ಪಾಳಿ. ಮುಂಜಾನೆ ಇಲ್ಲೀತನಕ ಬಂದು, ಹಂಗ ಹೊಳ್ಳಿ ಹೋಗತಾನ. ಕೇಳಿದ್ರ, 'ಹಳೇ ರೇಟಿನ ಪಾಸ್ ಚಾಚಾ, ಯಾಕ ಹಾಳ ಮಾಡ್ಲಿ' ಅಂತಾನ!"

ದುರ್ಗಾದೇವಿ ಅವನು ಹೋದ ದಿಕ್ಕಿಗೆ ತಿರುಗಿ ನೋಡಿದಳು. ಹಾಗಾದರೆ ಇಷ್ಟು ದಿನದ ನಗು, ಮಾತು ಎಲ್ಲ ಪಾಸ್ ವಸೂಲಿಗೇ? ಪಾಸ್ ಮುಗಿಯಿತು, ನಾನೂ ಮುಗಿದೆನೇ?

ಸಂಜೆ ಮನೆಗೆ ಬಂದವಳೇ 'ಯಲಬುರ್ಗಾದವರಿಗೆ ಬರಾಕ ಹೇಳು' ಅನ್ನಲು ಬಾಯಿ ತೆರೆದಳು. ಆದರೆ "ನಾಳೆ ಹೇಳ್ತೀನಿ ಬೇ," ಎಂದು ಮುಖ ತೊಳೆಯಲು ಹೋದಳು.

ಮರುದಿನ ಬಸ್ಸು ಹೊರಟಿತು. ತೊಡೆ ಖಾಲಿ, ಮನಸ್ಸೂ ಖಾಲಿ. ನಿಲ್ದಾಣ ದಾಟುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಏದುಸಿರು ಬಿಡುತ್ತ ಹತ್ತಿದವನು ಸಿದ್ದಾರ್ಥ!

"ಏನಪಾ, ಪಾಸ್ ಮುಗೀತಲ್ಲ?" ಎಂದ ಜಿಲಾನಸಾಬ.

"ಗಂಗಾವತಿ ಒಂದು ಟಿಕೀಟ್ ಕೊಡ್ರಿ ಚಾಚಾ."

"ಹೊಸಾ ರೇಟ್ ಐತಿ ನೋಡಪಾ!"

"ಇರ್ಲಿ, ಕೊಡ್ರಿ."

ಟಿಕೆಟ್ ಹಿಡಿದು ಅವನು ಅವಳ ಸೀಟಿನ ಪಕ್ಕ ಬಂದು ನಿಂತ. ಅವಳು ಕಿಟಕಿಯಾಚೆ ನೋಡುತ್ತಲೇ ಕೇಳಿದಳು.

"ಯಾಕ ಬಂದ್ರಿ? ಗಂಗಾವತ್ಯಾಗ ಚಹಾ ಅಗ್ಗ ಆಗೈತೇನು?"

"ಗಂಗಾವತ್ಯಾಗ ನನಗೇನೂ ಕೆಲಸಿಲ್ರಿ. ವರ್ಗ ಆದಾಗಿಂದ ಇಲ್ಲ. ಪಾಸ್ ಅನ್ನೋದು ಒಂದು ನೆವ ಇತ್ತು... ನಿನ್ನೆ ಅದೂ ಮುಗೀತು. ಬ್ಯಾರೆ ನೆವ ಹುಡುಕಿ ಸಾಕಾತು, ಸಿಗಲಿಲ್ಲ. ಅದಕ್ಕ ನೆವ ಇಲ್ದ ಬಂದೀನಿ. ನಿಮ್ಮ ಸಲುವಾಗಿ."

ಅವಳ ಕಣ್ಣು ತುಂಬಿ ಬಂತು. ಬಾಯಿ ಮಾತ್ರ ಜಗಳಕ್ಕೇ ನಿಂತಿತ್ತು.

"ಇಬ್ರೂ ಒಂದ ಊರಾಗ ಅದೀವಿ! ಅಲ್ಲೇ ಹೇಳಾಕ ಏನಾಗಿತ್ರಿ?"

"ಬಸ್ಸಿನ್ಯಾಗಾದ್ರ ಬ್ಯಾಗ್ ಕೊಡೋ ನೆಪದಾಗ ಮಾತು ಬರತೈತಿ. ಓಣ್ಯಾಗ ಏನಂತ ಕರೀಲಿ? ಮಂದಿ ನಾಕ ಮಾತಾಡ್ತಾರ, ತ್ರಾಸು ನಿಮಗ."

"ಹ್ಞೂಂ ಅನ್ನವಾ, ಪಾಪ ನಿಂತಾನ!" ಎಂದಳು ಹಿಂದಿನ ಸೀಟಿನ ಮುದುಕಿ. ಬಸ್ಸೆಲ್ಲ ನಗೆ.

ದುರ್ಗಾದೇವಿ ಕಣ್ಣೊರೆಸಿಕೊಂಡಳು.

"ನಾಳೆಯಿಂದ ಈ ಬಸ್ಸಿಗೆ ಬರಬ್ಯಾಡ್ರಿ."

ಅವನ ಮುಖ ಬಾಡಿತು.

"ಬರೋ ಐತವಾರ ಗಿರಣಿಗೆ ಸೂಟಿ ಹಾಕ್ತೀನಿ. ನಮ್ಮ ಮನೀಗೆ ಬರ್ರಿ. ಯಲಬುರ್ಗಾದವ್ರಿಗೆ ಬ್ಯಾಡ ಅಂತ ಇವತ್ತ ಹೇಳಿಸಿಬಿಡ್ತೀನಿ."

"ಯಾವ ಯಲಬುರ್ಗಾದವ್ರು?!"

"ಇದ್ರು ಒಬ್ರು."

ಅವನು ಗಾಬರಿಯಿಂದ ಕಂಬಿ ಬಿಗಿ ಹಿಡಿದ. "ಒಬ್ಬನ ಬರ್ಲ್ಯಾ?"

"ಹಿರ್ಯಾರನ್ನ ಕರ್ಕೊಂಡ ಬರ್ರಿ. ಒಬ್ರ ಬಂದ್ರ ನಮ್ಮವ್ವ ಬಾಗಲದಾಗ ನಿಲ್ಲಸತಾಳ. ತಪ್ಪಸಂಗಿಲ್ಲಲ್ಲ?"

"ಇಲ್ಲ, ದುರ್ಗಾ..."

ಇಷ್ಟು ದಿನ ಬರೀ 'ರೀ' ಎನ್ನುತ್ತಿದ್ದವನು! ಅವಳು ತಲೆ ತಗ್ಗಿಸಿದಳು.

"ಏನಂದ್ರಿ? ಬಸ್ಸಿನ ಸಪ್ಪಳದಾಗ ಕೇಳಲಿಲ್ಲ..."

ಕೇಳಿತ್ತು. ಅವನಿಗೂ ಅದು ಗೊತ್ತಿತ್ತು. ಬಗ್ಗಿ, ಅವಳಿಗಷ್ಟೇ ಕೇಳುವಂತೆ ಇನ್ನೊಮ್ಮೆ ಕರೆದ.

"ದುರ್ಗಾ."